ಪಕ್ಕದ ಸೀಟಿನ ಬ್ರೇಕು

ಮಾರ್ಚ್ ೪, ಮಂಗಳವಾರ

ಬೈಯೋಕೆ ಯಾರೂ ಸಿಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೆಳಗಿನಿಂದ ಸಂಜೆವರೆಗೂ ಕಾರಿನ ಪಕ್ಕದ ಸೀಟಿನಲ್ಲಿ ಕೂತು, ಅರ್ಧ ಊರಿಗೆ ಬೈದು ಬೈದು ಡ್ರೈವಿಂಗ್ ಕಲಿಸಿದ ಬಾಯಿ ಇದು. ಇವತ್ತಿನಿಂದ ನನ್ನ ಡ್ರೈವಿಂಗ್ ಸ್ಕೂಲಿಗೆ ಬೀಗ. ಬಾಯಿಗೂ ಬೀಗ ಹಾಕಿಕೊಂಡರೆ ಹೊಟ್ಟೆ ಒಡೆದೇ ಹೋಗುತ್ತೆ.

ಆಗಿದ್ದಿಷ್ಟು. ಶನಿವಾರ ಬೆಳಗ್ಗೆ ಬ್ಯಾಂಕಿನ ಹುಡುಗಿಯೊಬ್ಬಳನ್ನು ದೊಡ್ಡ ರಸ್ತೆಗೆ ಇಳಿಸಿದ್ದೆ. ಅವಳದು ಎರಡನೇ ದಿನ. "ಕ್ಲಚ್ ಅಂದ್ರೇನು ಕಾಲೊರಸು ಅಂದ್ಕೊಂಡ್ಯಾ? ಹಾಗ್ಯಾಕೆ ಉಜ್ಜುತ್ತೀಯ?" ಅಂತ ಅರ್ಧ ಬೈದಿದ್ದೆ, ಕಣ್ಣು ಕತ್ತಲೆ ಬಂತು. ಎಚ್ಚರವಾದಾಗ ಕಾರು ರಸ್ತೆ ಅಂಚಿಗೆ ನೀಟಾಗಿ ನಿಂತಿತ್ತು. ಇಂಡಿಕೇಟರ್ ಬೇರೆ ಹಾಕಿದ್ದಳು ಪುಣ್ಯಾತ್ಗಿತ್ತಿ! ನಾನು ಬೈಯುವಾಗ ಬಾರದ ವಿದ್ಯೆ ನಾನು ಎಚ್ಚರ ತಪ್ಪಿದ ಮೇಲೆ ಬಂತು.

ರಕ್ತದ ಡಾಕ್ಟರಮ್ಮ ಇವತ್ತು ತೀರ್ಪು ಕೊಟ್ಟರು. "ಮೇಡಂ, ಇನ್ನು ನೀವು ಗಾಡಿ ಓಡಿಸೋ ಹಾಗಿಲ್ಲ. ರಸ್ತೆ ಮೇಲೆ ಕಲಿಸೋ ಹಾಗೂ ಇಲ್ಲ." ಈಕೆಗೆ ಗಾಡಿ ಕಲಿಸಿದವಳೇ ನಾನು. ರಿವರ್ಸ್ ತೆಗೆಯೋಕೆ ಹೋಗಿ ಪಕ್ಕದ ಮನೆಯವರ ಹೂಕುಂಡಗಳನ್ನೆಲ್ಲ ಪುಡಿ ಮಾಡಿದವಳು, ಈಗ ನನ್ನ ಗಾಡಿ ನಿಲ್ಲಿಸುತ್ತಾಳೆ.

ಕಾಯಿಲೆ ಹೋದ ವರ್ಷವೇ ಗೊತ್ತಾಗಿತ್ತು. ಮೈಲೋಫೈಬ್ರೋಸಿಸ್. ಹೆಸರು ಬಾಯಿಗೆ ಕೂರೋಕೇ ಒಂದು ವಾರ ಹಿಡಿಯಿತು. ಎಲುಬಿನ ಒಳಗೆ ರಕ್ತ ಹುಟ್ಟುವ ಮಜ್ಜೆ ಇರುತ್ತಲ್ಲ, ಅದು ನಾರುಗಟ್ಟಿ ಹೋಗುತ್ತದಂತೆ. ಅಲ್ಲಿ ಆಗದ ಕೆಲಸಕ್ಕೆ ಎಡ ಪಕ್ಕೆಯ ಗುಲ್ಮ (ಸ್ಪ್ಲೀನ್) ಕೈಹಾಕಿ, ತಾನು ಊದಿಕೊಂಡು ಹೊಟ್ಟೆಯನ್ನೆಲ್ಲ ಆಕ್ರಮಿಸಿ ಕೂತಿತ್ತು. ನಾಲ್ಕು ತುತ್ತು ತಿಂದರೆ ಸಾಕು, ಮದುವೆ ಊಟ ಮಾಡಿದ ಹಾಗೆ ಆಗುತ್ತಿತ್ತು. ಅದನ್ನು ಇಳಿಸೋಕೆ ಹೊಸ ಮಾತ್ರೆ ಶುರುಮಾಡಿದರು. ಗುಲ್ಮ ಇಳಿಯಿತು, ಜೊತೆಗೆ ರಕ್ತವೂ ಇಳಿಯಿತು. ಹಿಮೋಗ್ಲೋಬಿನ್ ಕಮ್ಮಿ, ಪ್ಲೇಟ್‌ಲೆಟ್ ಕಮ್ಮಿ. ನನ್ನಲ್ಲಿ ಈಗ ಹೆಚ್ಚಿರೋದು ಸಿಟ್ಟು ಒಂದೇ.

"ಮೊದಲ ಕೆಲವು ತಿಂಗಳು ಹೀಗೇ ಮೇಡಂ," ಅಂದರು ಡಾಕ್ಟರಮ್ಮ. "ವಾರ ವಾರ ಬಂದು ರಕ್ತ ಪರೀಕ್ಷೆ ಮಾಡಿಸ್ಬೇಕು. ಅದನ್ನ ನೋಡಿ ಡೋಸ್ ಹೊಂದಿಸ್ತೀನಿ, ಬೇಕಾದಾಗ ರಕ್ತ ಹಾಕ್ತೀನಿ. ನೀವು ಬರದೇ ಹೋದ್ರೆ ಮಾತ್ರೆ ನಿಲ್ಲಿಸ್ಬೇಕಾಗುತ್ತೆ. ಕಣ್ಣು ಮುಚ್ಕೊಂಡು ಕೊಡೋ ಮಾತ್ರೆ ಅಲ್ಲ ಇದು."

"ನಿಲ್ಲಿಸಿದ್ರೆ?"

"ಗುಲ್ಮ ಮತ್ತೆ ಬೆಳೆಯುತ್ತೆ. ಈಗಿನದಕ್ಕಿಂತ ಕಷ್ಟ ಆಗುತ್ತೆ."

ಮನೆಗೆ ಬಂದು ಇದನ್ನೆಲ್ಲ ನಾನು ಕೂಗಾಡಿಕೊಂಡು ಹೇಳುತ್ತಿದ್ದರೆ ಇವರು ಪುಸ್ತಕದಿಂದ ತಲೆ ಎತ್ತಿ, "ಕಾಯಿಲೆ ಎಲುಬಿನ ಒಳಗಂತೆ. ಸದ್ಯ, ನಾಲಿಗೆಗೆ ಎಲುಬಿಲ್ಲ" ಅಂದರು. ಗಂಡ ಅಂತೆ ಗಂಡ.

ಮಾರ್ಚ್ ೧೧, ಮಂಗಳವಾರ

ಆಸ್ಪತ್ರೆ ಊರಿನ ಆ ತುದಿಗೆ. ಎರಡು ಬಸ್ ಬದಲಾಯಿಸಬೇಕು, ನಿಂತರೆ ಕಾಲು ನಡುಗುತ್ತೆ. ಟ್ಯಾಕ್ಸಿ ಕರೆಸಿದೆವು.

ಆ ಡ್ರೈವರ್ ಮಹಾಶಯ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಫೋನು. ನಾನು ಸುಮ್ಮನಿದ್ದೆ. ತಿರುವಿನಲ್ಲಿ ಇಂಡಿಕೇಟರ್ ಹಾಕಲಿಲ್ಲ. ಆಗಲೂ ಸುಮ್ಮನಿದ್ದೆ. ಮೂರನೇ ಗೇರಲ್ಲಿ ಏರು ಹತ್ತಿಸೋಕೆ ಹೋದ ನೋಡಿ, ಇಂಜಿನ್ ಕೆಮ್ಮೋದು ಕೇಳಿ ನನ್ನ ಕರುಳು ಕಿತ್ತು ಬಂತು. "ಏನಪ್ಪಾ, ಅದಕ್ಕೂ ಜೀವ ಇದೆ, ಗೇರ್ ಇಳಿಸು" ಅಂದೆ. ಅಷ್ಟೇ ಅಂದಿದ್ದು. ಇವರು ಹೇಳೋ ಪ್ರಕಾರ ಇನ್ನೂ ಬಹಳ ಅಂದೆನಂತೆ. ಅವನು ಗಾಡಿ ನಿಲ್ಲಿಸಿ, ಕೀ ತೆಗೆದು ನನ್ನ ಕಡೆ ಚಾಚಿ, "ಅಮ್ಮಾ, ನೀವೇ ಓಡಿಸ್ಕೊಂಡು ಹೋಗಿ" ಅಂದ. ನಾನು ಕೈಚಾಚಿದ್ದೆ ಕೂಡ. ಇವರು ತಡೆದರು.

ಎರಡನೇ ಟ್ಯಾಕ್ಸಿ ಸಿಕ್ಕಿ ನಾವು ಮುಟ್ಟುವಷ್ಟರಲ್ಲಿ ರಕ್ತ ತೆಗೆಯೋ ಹೊತ್ತು ಮುಗಿದಿತ್ತು. ನಾಳೆ ಮತ್ತೆ ಬರಬೇಕು. ನಾಳೆ ಬರದಿದ್ದರೆ ಮಾತ್ರೆ ಇಲ್ಲ ಅಂತ ಸಿಸ್ಟರ್ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು.

ಸಂಜೆ ನಾದಿನಿ ಬಂದಳು, ಕೈಯಲ್ಲಿ ಬೀಟ್‌ರೂಟ್ ರಸದ ದೊಡ್ಡ ಬಾಟಲಿ, ಕಬ್ಬಿಣಾಂಶದ ಟಾನಿಕ್ಕು. "ಅತ್ತಿಗೆ, ಕೆಂಪಗಿರೋದೆಲ್ಲ ರಕ್ತಕ್ಕೆ ಒಳ್ಳೇದು." ಹಾಗಾದ್ರೆ ಟ್ರಾಫಿಕ್ ಸಿಗ್ನಲ್ ನೆಕ್ಕಲಾ ಅಂದೆ. ಡಾಕ್ಟರಮ್ಮ ಮೊದಲೇ ಹೇಳಿದ್ದಾರೆ: ಕಬ್ಬಿಣದ ಕೊರತೆ ಅಲ್ಲ ಇದು, ಮಜ್ಜೆಯ ತೊಂದರೆ, ರಕ್ತ ಹಾಕಿಸಿಕೊಂಡಾಗ ಕಬ್ಬಿಣ ಹೇಗೂ ಮೈಸೇರುತ್ತೆ, ಮೇಲೆ ಟಾನಿಕ್ ಕುಡಿದರೆ ಅತಿಯಾಗುತ್ತೆ. ಇಂಜಿನ್ ಕೆಟ್ಟಿರುವಾಗ ಪೆಟ್ರೋಲ್ ಸುರಿದು ಏನು ಉಪಯೋಗ? ಅವಳಿಗೆ ಅರ್ಥ ಆಗಲಿಲ್ಲ. ರಸ ಇವರು ಕುಡಿದರು. ಗಡ್ಡ ಮೀಸೆಯೆಲ್ಲ ಕೆಂಪು.

ಮಾರ್ಚ್ ೧೩, ಗುರುವಾರ

ನಿನ್ನೆ ಹೇಗೋ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಬಂದೆವು. ಇವತ್ತು ಊಟಕ್ಕೆ ಕೂತಾಗ ಇವರು, "ನಾನು ಕಲೀತೀನಿ" ಅಂದರು.

"ಏನನ್ನ?"

"ಕಾರು."

ನಕ್ಕೆ. ನಕ್ಕು ನಕ್ಕು ಗುಲ್ಮ ನೋಯಿತು. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ ಊರಿಗೆಲ್ಲ ಕಲಿಸಿದವಳ ಗಂಡನಿಗೆ ಸ್ಟೀರಿಂಗ್ ಹಿಡಿಯೋಕೂ ಬರೋದಿಲ್ಲ. ರಿಟೈರ್ ಆಗುವವರೆಗೂ ಲೈಬ್ರರಿಯಲ್ಲಿ ಕೂತು, ಕೆಮ್ಮಿದವರನ್ನೂ ಕಣ್ಣಲ್ಲೇ ಗದರಿಸಿದ ಮನುಷ್ಯ. ನಡೆದೇ ಹೋಗುತ್ತಿದ್ದರು, ನಡೆದೇ ಬರುತ್ತಿದ್ದರು. ಈ ವಯಸ್ಸಿನಲ್ಲಿ ಕಾರಂತೆ.

"ನೀನು ಟ್ಯಾಕ್ಸಿಯವರ ಹತ್ತಿರ ಜಗಳ ಬಿಡಲ್ಲ. ಮಾತ್ರೆ ನಿಲ್ಲೋಕೆ ನಾನು ಬಿಡಲ್ಲ," ಅಂದರು. ಅಷ್ಟು ಹೇಳಿ ಮಜ್ಜಿಗೆ ಕುಡಿದು ಎದ್ದುಹೋದರು. ನನ್ನ ನಗು ಅಲ್ಲಿಗೆ ನಿಂತಿತು.

ಮಾರ್ಚ್ ೧೬, ಭಾನುವಾರ

ಡಾಕ್ಟರಮ್ಮನನ್ನು ಫೋನಿನಲ್ಲಿ ಕೇಳಿದೆ. "ತಲೆಸುತ್ತು ಇಲ್ಲದ ದಿನ, ಖಾಲಿ ಮೈದಾನದಲ್ಲಿ, ಪಕ್ಕದಲ್ಲಿ ಕೂತು ಮಾತ್ರ" ಅಂತ ಒಪ್ಪಿದರು. ಇವರು ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡು ಬಂದರು. ಫೋಟೋದಲ್ಲಿ ಕಳ್ಳನ ಹಾಗೆ ಕಾಣುತ್ತಾರೆ.

ನಮ್ಮ ಸ್ಕೂಲಿನ ಕಾರಿಗೆ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದೆ. ಕಲಿಸುವವರ ಕಾಲಿಗೆ. ಅದು ಇರೋದರಿಂದಲೇ ನಾನು ಇಷ್ಟು ವರ್ಷ ಬದುಕಿದ್ದು.

ಇವರು ಸೀಟಿನಲ್ಲಿ ಕೂತು ಎಲ್ಲ ಕನ್ನಡಿಗಳನ್ನೂ ಒರೆಸಿದರು. ಆಮೇಲೆ ಕೈಪಿಡಿ ತೆಗೆದು ಓದಿದರು. "ರೀ, ಇದು ಓದಿ ಬರೋ ವಿದ್ಯೆ ಅಲ್ಲ, ಕೀ ತಿರುಗಿಸಿ" ಅಂದೆ. ತಿರುಗಿಸಿದರು. ಗಾಡಿ ಕಪ್ಪೆ ಹಾಗೆ ಒಂದು ಸಲ ಕುಪ್ಪಳಿಸಿ ಸತ್ತಿತು.

ದೊಡ್ಡ ಸಮಸ್ಯೆ ಹಾರ್ನು. ಕೈಯೇ ಏಳೋದಿಲ್ಲ. ಮೈದಾನದಲ್ಲಿ ಆಡುತ್ತಿದ್ದವರು ಅಡ್ಡ ಬಂದರೆ ಗಾಜು ಇಳಿಸಿ, ಮೆಲ್ಲಗೆ "ಸ್ವಲ್ಪ ದಾರಿ ಬಿಡ್ತೀರಾ?" ಅನ್ನುತ್ತಾರೆ. ಸದ್ದು ಮಾಡಬಾರದು ಅಂತ ಊರಿಗೆ ಬುದ್ಧಿ ಹೇಳಿದ ಕೈ ಅಲ್ಲವೇ! "ಒತ್ತ್ರೀ!" ಅಂತ ನಾನು ಕಿರುಚಿದ್ದಕ್ಕೆ ಎಲ್ಲರೂ ತಿರುಗಿ ನೋಡಿ ದಾರಿ ಬಿಟ್ಟರು. "ನೋಡು, ಹಾರ್ನ್ ಬೇಕಾಗಲಿಲ್ಲ" ಅಂದರು ಇವರು.

ಮಾರ್ಚ್ ೨೫, ಮಂಗಳವಾರ

ಇವತ್ತು ರಕ್ತ ಹಾಕಿದರು. ಟ್ಯಾಕ್ಸಿಯಲ್ಲೇ ಬಂದೆವು. ಇವರು ನನ್ನ ಬಾಯಿಗೆ ಪೆಪ್ಪರ್‌ಮಿಂಟ್ ಮೇಲೆ ಪೆಪ್ಪರ್‌ಮಿಂಟ್ ತುರುಕುತ್ತಾ ದಾರಿಯುದ್ದಕ್ಕೂ ಕಾವಲು ಕಾದರು.

ಸಿಸ್ಟರ್ ಸೂಜಿ ಚುಚ್ಚಿ, ಚೀಲ ನೇತುಹಾಕಿ, ಜ್ವರ ಚಳಿ ಏನಾದರೂ ಬಂದರೆ ಕೂಗಿ ಅಂದಳು. ಹನಿ ಹನಿ ಇಳಿಯುತ್ತೆ. ಸೆಕೆಂಡ್ ಗೇರಿಗಿಂತ ನಿಧಾನ. ಯಾರ ರಕ್ತವೋ ಏನೋ. ಕೊಟ್ಟವರು ಪಾಪ ಈಗ ಎಲ್ಲೋ ಆಫೀಸಿನಲ್ಲಿ ಬೈಸಿಕೊಳ್ಳುತ್ತಿರಬೇಕು. ಅವರಿಗೆ ಒಳ್ಳೆಯದಾಗಲಿ.

ಪ್ಲೇಟ್‌ಲೆಟ್ ಇನ್ನೂ ಇಳಿದಿದೆಯಂತೆ. ರಕ್ತ ಹೆಪ್ಪುಗಟ್ಟಿಸೋದು ಅದೇ. ಮೆತ್ತನೆ ಬ್ರಷ್ಷಲ್ಲಿ ಹಲ್ಲುಜ್ಜಿ, ಕೇಳದೆ ನೋವಿನ ಮಾತ್ರೆ ನುಂಗಬೇಡಿ, ಎಲ್ಲೂ ಗುದ್ದಿಸಿಕೊಳ್ಳಬೇಡಿ ಅಂತ ಹೇಳಿ ಕಳಿಸಿದರು. ಇವರು ಅಂಗಡಿಗೆ ಹೋಗಿ ತಂದಿದ್ದು ಮಕ್ಕಳ ಬ್ರಷ್ಷು, ಹಿಡಿಯ ಮೇಲೆ ಆನೆ. ಇದಕ್ಕಿಂತ ಮೆತ್ತನೆಯದು ಇಲ್ಲವಂತೆ.

ಚೀಲ ಅರ್ಧ ಆದಾಗ ನೋಡಿದೆ, ಪಕ್ಕದ ಹಾಸಿಗೆ ಖಾಲಿ ಇತ್ತು. ಹೋದ ವಾರ ಪರೀಕ್ಷೆಗೆ ಬಂದಾಗ ಅಲ್ಲಿದ್ದವರು ಎಲ್ಲಿ ಅಂತ ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ. ನನಗೆ ಹೆದರಿಕೆ ಆಗುತ್ತೆ. ಇವರಿಗೆ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಸಾಕು.

ಮಾರ್ಚ್ ೩೦, ಭಾನುವಾರ

ಜಗಳ. ಮೈದಾನ ಬಿಟ್ಟು ಹಿಂದಿನ ಬೀದಿಗೆ ಇಳಿದಿದ್ದೆವು (ಡಾಕ್ಟರಮ್ಮನಿಗೆ ಗೊತ್ತಾಗಬಾರದು). ಇವರು ಗಾಡಿ ನಿಲ್ಲಿಸಿ, ಕೈಕಟ್ಟಿ ಕೂತರು.

"ನಾನು ಬ್ರೇಕ್ ಹಾಕೋಕೆ ಮುಂಚೆನೇ ನೀನು ಹಾಕ್ತೀಯ. ನನಗೆ ಬರುತ್ತೋ ಇಲ್ವೋ ನನಗೇ ಗೊತ್ತಾಗ್ತಿಲ್ಲ."

"ನೀವು ಹಾಕೋದು ತಡ ರೀ!"

"ತಡ ಅಲ್ಲ. ನಿನಗೆ ಬೇಗ."

ಇಷ್ಟು ವರ್ಷದಲ್ಲಿ ನನ್ನ ಕೈಕೆಳಗೆ ಕಲಿತವರು ಯಾರೂ ಎದುರು ಮಾತಾಡಿಲ್ಲ. ಮನೆವರೆಗೂ ನಡೆದುಕೊಂಡೇ ಹೋಗುತ್ತೇನೆ ಅಂತ ಇಳಿದೆ. ನಾಲ್ಕು ಹೆಜ್ಜೆಗೆ ಉಸಿರು ಕಟ್ಟಿತು. ವಾಪಸ್ ಹತ್ತಿದೆ. ಇವರು ಬಾಗಿಲು ಸರಿಯಾಗಿ ಹಾಕಿದೆಯಾ ಅಂತ ನೋಡಿ ಗಾಡಿ ತೆಗೆದರು. ತೆಗೆದಿದ್ದು ಚೆನ್ನಾಗಿತ್ತು. ಹೇಳಲಿಲ್ಲ.

ಏಪ್ರಿಲ್ ೧೬, ಬುಧವಾರ

ಇವತ್ತು ಇವರ ಡ್ರೈವಿಂಗ್ ಪರೀಕ್ಷೆ. ಬರೆಯೋಕೂ ನಾಚಿಕೆ.

ನಮ್ಮಲ್ಲಿನ ಪದ್ಧತಿ ಹೀಗೆ: ಆರ್‌ಟಿಒ ಇನ್ಸ್‌ಪೆಕ್ಟರ್ ಸಾಹೇಬರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಕಲಿಸಿದವರು ಮುಂದೆ, ಪಕ್ಕದ ಸೀಟಿನಲ್ಲಿ, ಬಾಯಿ ಮುಚ್ಚಿಕೊಂಡು. ಕಲಿಸಿದವರ ಕಾಲು ತಮ್ಮ ಬ್ರೇಕಿಗೆ ತಾಗಿದರೆ ಆ ಕ್ಷಣಕ್ಕೆ ಫೇಲು. ಪರೀಕ್ಷೆಯಲ್ಲಿ ನನ್ನ ಕಾಲು ಇವತ್ತಿನವರೆಗೂ ತಾಗಿರಲಿಲ್ಲ. ಕಂಬ ಎದುರಿಗೆ ಬಂದರೂ "ಗುದ್ದಲಿ, ಬುದ್ಧಿ ಬರುತ್ತೆ" ಅಂತ ಕೂತಿದ್ದವಳು ನಾನು. ಸಾಹೇಬರಿಗೂ ಅದು ಗೊತ್ತು. "ಮೇಡಂ ಸ್ಟೂಡೆಂಟ್ ಅಂದ್ರೆ ನಾನು ಹಿಂದೆ ನಿದ್ದೆ ಮಾಡಬಹುದು" ಅನ್ನುತ್ತಿದ್ದರು.

ಇವರು ಎಲ್ಲ ಸರಿಯಾಗಿ ಮಾಡಿದರು. ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ತೆಗೆದರು. ರಿವರ್ಸ್ ಹಾಕಿದರು. ಎದುರು ಕಾಣದ ತಿರುವಿನಲ್ಲಿ ಹಾರ್ನ್ ಕೂಡ ಒತ್ತಿದರು. ಒತ್ತಿದ ಮೇಲೆ ಯಾರಿಗೋ "ಕ್ಷಮಿಸಿ" ಅಂದರು, ಅದು ಬೇರೆ ಮಾತು. ಇನ್ನೇನು ಕಚೇರಿ ಗೇಟು ಬಂತು ಅನ್ನುವಾಗ ಎದುರಿಂದ ಬೆಳ್ಳಗೆ ಏನೋ ಹಾರಿ ಬಂತು.

ದಡ್ ಅಂತ ಗಾಡಿ ನಿಂತಿತು. ಸಾಹೇಬರ ಹಣೆ ನನ್ನ ಸೀಟಿಗೆ ಬಡಿಯಿತು.

"ಯಾರು ಹಾಕಿದ್ದು ಬ್ರೇಕು?" ಅಂದರು.

ನಾನು ಕೆಳಗೆ ನೋಡಿದೆ. ನನ್ನ ಬಲಗಾಲು ಪೆಡಲಿನ ಮೇಲೆ ಕೂತಿತ್ತು. ನನ್ನನ್ನು ಒಂದು ಮಾತು ಕೇಳದೆ ಹೋಗಿ ಕೂತುಬಿಟ್ಟಿತ್ತು. ಎದುರಿಗೆ ಬಂದಿದ್ದು ಪ್ಲಾಸ್ಟಿಕ್ ಚೀಲ. ಅದು ಗಾಜಿಗೆ ಅಂಟಿ, ನಮ್ಮನ್ನೆಲ್ಲ ನೋಡಿ, ಹಾರಿಹೋಯಿತು.

ಸಾಹೇಬರು ಹಣೆ ಉಜ್ಜಿಕೊಳ್ಳುತ್ತಾ, "ಮೇಡಂ, ನೀವಾ?" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಫೇಲ್ ಅಂತ ಬರೆದುಕೊಟ್ಟರು. ಮರುಪರೀಕ್ಷೆ ಏಪ್ರಿಲ್ ಕೊನೆಗೆ.

ಇವರು ಒಂದೇ ಒಂದು ಮಾತು ಕೇಳಿದರು. "ಚೀಲಕ್ಕೇನೂ ಪೆಟ್ಟಾಗಲಿಲ್ಲ ತಾನೆ?"

ಏಪ್ರಿಲ್ ೧೭, ಗುರುವಾರ

ಮಾತಾಡುತ್ತಿಲ್ಲ. ಯಾರು ಯಾರ ಜೊತೆ ಅಂತ ಸ್ಪಷ್ಟ ಇಲ್ಲ.

ಏಪ್ರಿಲ್ ೨೨, ಮಂಗಳವಾರ

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಗುಲ್ಮ ಚೆನ್ನಾಗಿ ಇಳಿದಿದೆ. ಕೈ ನೋಡಿದರು, ಕಾಲು ನೋಡಿದರು. ಬಲ ಅಂಗಾಲು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಇದೇನು ಮೇಡಂ? ನೇರಳೆ ಹಣ್ಣಿನ ಹಾಗಿದೆ. ಎಡಗಾಲಿಗಿಲ್ಲ, ಬಲಗಾಲಿಗೆ ಮಾತ್ರ. ಎಲ್ಲಿ ಗುದ್ದಿಸಿಕೊಂಡ್ರಿ?"

"ಎಲ್ಲೂ ಇಲ್ಲ."

ಇವರು ಮೂಲೆಯ ಕುರ್ಚಿಯಿಂದ, ಲೈಬ್ರರಿ ದನಿಯಲ್ಲಿ, "ಬ್ರೇಕು" ಅಂದರು.

"ಯಾವ ಬ್ರೇಕು?"

ಇವರು ಎಲ್ಲ ಹೇಳಿಬಿಟ್ಟರು. ಹಿಂದಿನ ಬೀದಿ, ಚೀಲ, ಸಾಹೇಬರ ಹಣೆ, ಒಂದೂ ಬಿಡಲಿಲ್ಲ. ಮಾತಾಡದ ಮನುಷ್ಯ ಮಾತಾಡೋಕೆ ಶುರುಮಾಡಿದರೆ ನಿಲ್ಲಿಸೋರಿಲ್ಲ. ಸಿಸ್ಟರ್ ಬಾಯಿಗೆ ಸೆರಗು ಅಡ್ಡ ಹಿಡಿದು ಹೊರಗೆ ಓಡಿದಳು. ಡಾಕ್ಟರಮ್ಮ ನಗಲಿಲ್ಲ.

"ಮೇಡಂ, ಪ್ಲೇಟ್‌ಲೆಟ್ ಈಗ ಎಷ್ಟು ಕಮ್ಮಿ ಇದೆ ಅಂದ್ರೆ, ನೀವು ಅದುಮಿದ ಕಡೆಯೆಲ್ಲ ಚರ್ಮದೊಳಗೆ ರಕ್ತ ಒಸರುತ್ತೆ. ಕಾಲಿಗಾದದ್ದು ನಮಗೆ ಕಾಣ್ತು. ಕಾಣದ ಕಡೆ ಆದ್ರೆ? ಮಾತ್ರೆ ಡೋಸ್ ಇಳಿಸ್ತೀನಿ, ಎರಡು ವಾರ ನೋಡೋಣ. ಆದ್ರೆ ಇವತ್ತಿನಿಂದ ನೀವು ಆ ಬ್ರೇಕ್ ಮುಟ್ಟಬಾರದು."

"ಅಭ್ಯಾಸ ಕಣಮ್ಮ, ಏನು ಮಾಡ್ಲಿ? ಬೇರೆಯವರು ಗುದ್ದಿದ್ರೆ ಬಂಪರ್ ಹೋಗುತ್ತೆ. ಇವರು ಗುದ್ದಿದ್ರೆ? ಇವರಿಗೇನಾದ್ರೂ ಆದ್ರೆ ನನಗ್ಯಾರಿದ್ದಾರೆ?"

ಅಂದ ಮೇಲೆ ನನಗೇ ಒಂಥರಾ ಆಯಿತು. ಮನೆಯಲ್ಲಿ ನಾವಿಬ್ಬರೇ. ಇವರು ಕುರ್ಚಿಯಲ್ಲಿ ಕಿಟಕಿ ಕಡೆ ತಿರುಗಿ ಕೂತರು.

"ಅವರೂ ಅದನ್ನೇ ಯೋಚನೆ ಮಾಡಿ ಕಲೀತಿರೋದು," ಅಂದರು ಡಾಕ್ಟರಮ್ಮ. ಆಮೇಲೆ ಮಾತ್ರೆ ಚೀಟಿಯ ಕೊನೆಯ ಸಾಲಿನಲ್ಲಿ, ಔಷಧಿಗಳ ಕೆಳಗೆ, "ಬ್ರೇಕ್ ಮುಟ್ಟಬಾರದು" ಅಂತ ಬರೆದು ಸಹಿ ಹಾಕಿದರು. ಔಷಧಿ ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ಓದಿ, "ಇದು ನಮ್ಮಲ್ಲಿ ಸ್ಟಾಕಿಲ್ಲ" ಅಂದ.

ಏಪ್ರಿಲ್ ೨೫, ಶುಕ್ರವಾರ

ನಾನು ಇನ್ನು ಪಕ್ಕದಲ್ಲಿ ಕೂರೋ ಹಾಗಿಲ್ಲ. ಇವರು ಎದುರು ಬೀದಿಯ ಮೀಸೆಯ (ನಾನಿಟ್ಟ ಹೆಸರು) ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಾರೆ.

ಮೀಸೆ! ನನ್ನ ಬೋರ್ಡಿಗಿಂತ ಒಂದು ಮೊಳ ದೊಡ್ಡ ಬೋರ್ಡು ಹಾಕಿಸಿದವನು. ಕಲಿಯೋರಿಗೆ ಬೈಯೋದೇ ಇಲ್ಲವಂತೆ, ಹಾಡು ಹಾಕುತ್ತಾನಂತೆ. ಗಾಯದ ಮೇಲೆ ಬರೆ. ನಾನು ಬಾಲ್ಕನಿಯಲ್ಲಿ ಕೂತು ನೋಡುತ್ತಿದ್ದರೆ ನನ್ನ ಗಂಡ ಮೀಸೆಯ ಕಾರಿನಲ್ಲಿ ಬೀದಿ ತಿರುವು ತೆಗೆದುಕೊಂಡು ಹೋಗುತ್ತಾರೆ. ನನ್ನ ಕಾಲು ಬಾಲ್ಕನಿ ನೆಲ ಒತ್ತುತ್ತೆ. ಒತ್ತಿದ ಕೂಡಲೇ ತೆಗೆಯುತ್ತೇನೆ. ಈಗ ಕಾಲ ಕೆಳಗೆ ದಪ್ಪ ಕುಶನ್ ಇಟ್ಟುಕೊಂಡಿದ್ದೇನೆ.

ಸಂಜೆ ಮೀಸೆ ಬಾಗಿಲಿಗೇ ಬಂದ. "ಅಕ್ಕಾ, ಭಾವನವರಿಗೆ ನೀವು ಕಲಿಸಿದ್ದು ಗಟ್ಟಿಯಾಗಿ ಕೂತಿದೆ. ನಾನು ಸುಮ್ನೆ ಪಕ್ಕದಲ್ಲಿ ಕೂತಿದೀನಿ ಅಷ್ಟೇ." ಒಳ್ಳೆಯವನೇ ಅನ್ನಬೇಕು. ಬೋರ್ಡು ಮಾತ್ರ ಅತಿಯಾಯಿತು.

ಏಪ್ರಿಲ್ ೨೯, ಮಂಗಳವಾರ

ರಕ್ತ ಹಾಕಿಸಿಕೊಳ್ಳೋ ದಿನವೂ ಇವತ್ತೇ, ಇವರ ಮರುಪರೀಕ್ಷೆಯೂ ಇವತ್ತೇ. ನಾದಿನಿ ನನ್ನ ಜೊತೆ ಟ್ಯಾಕ್ಸಿಯಲ್ಲಿ ಬಂದಳು. ಡ್ರೈವರಿಗೆ ನಾನು ಒಂದು ಮಾತೂ ಅನ್ನಲಿಲ್ಲ. ಇಳಿಯುವಾಗ ಅವನು "ಅಮ್ಮ ಪಾಪ, ತುಂಬಾ ಸುಸ್ತಾಗಿದಾರೆ" ಅಂತ ನಾದಿನಿಗೆ ಹೇಳಿದ. ಎಲಾ ಇವನ.

ಚೀಲ ಖಾಲಿಯಾಗೋ ಹೊತ್ತಿಗೆ ಇವರು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಾರಿನ ಕೀ. ಅದನ್ನು ಹಿಡಿದಿದ್ದ ರೀತಿಯಲ್ಲೇ ಗೊತ್ತಾಯಿತು. ನಾನು ಅತ್ತೆ. ಸಿಸ್ಟರ್ ಗಾಬರಿಯಾಗಿ ಜ್ವರ ನೋಡೋಕೆ ಬಂದಳು. ಜ್ವರ ಅಲ್ಲ ಕಣೇ, ಪಾಸಾಗಿದಾರೆ ಅಂದೆ.

ಮನೆಗೆ ನಮ್ಮ ಕಾರಿನಲ್ಲೇ ಬಂದೆವು. ಕಾಲು ಪೆಡಲಿನ ಹತ್ತಿರ ಹೋಗದಿರಲಿ ಅಂತ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಬಾಯಿಗೆ ಡಾಕ್ಟರಮ್ಮ ಏನೂ ಬರೆದುಕೊಟ್ಟಿಲ್ಲವಲ್ಲ. ದಾರಿಯುದ್ದಕ್ಕೂ ಬೈದೆ. ಇವರು ಎಲ್ಲದಕ್ಕೂ "ಹೂಂ" ಅಂದರು, ತಮಗೆ ಬೇಕಾದ ಹಾಗೆ ಓಡಿಸಿದರು.

ಮೇ ೨೦, ಮಂಗಳವಾರ

ಡೋಸ್ ಇಳಿಸಿದ್ದು ಕೈಹಿಡಿಯಿತು. ಪ್ಲೇಟ್‌ಲೆಟ್ ಮೇಲೆದ್ದಿದೆ, ಗುಲ್ಮ ತಗ್ಗಿಯೇ ಇದೆ. ಹಿಮೋಗ್ಲೋಬಿನ್ ಮಾತ್ರ ಇನ್ನೂ ಹಟಮಾರಿ, ಇವತ್ತೂ ರಕ್ತ ಹಾಕಿದರು. ಇನ್ನು ಮುಂದೆ ಪರೀಕ್ಷೆಗೆ ವಾರ ಬಿಟ್ಟು ವಾರ ಬಂದರೆ ಸಾಕಂತೆ.

"ಇದು ವಾಸಿ ಆಗುತ್ತೇನಮ್ಮ?" ಅಂತ ಕೇಳಿಯೇಬಿಟ್ಟೆ.

"ಈ ಮಾತ್ರೆಯಿಂದ ಪೂರ್ತಿ ವಾಸಿ ಆಗಲ್ಲ ಮೇಡಂ. ನೋಡ್ಕೊಂಡು ಹೋಗ್ಬೇಕು. ಸದ್ಯಕ್ಕೆ ಚೆನ್ನಾಗಿ ಹೋಗ್ತಿದೆ." ಅಡ್ಡಗೋಡೆ ಮೇಲೆ ದೀಪ ಇಡದೆ ನೇರವಾಗಿ ಹೇಳಿದ್ದು ಒಳ್ಳೆಯದಾಯಿತು. ಇವರು ಪಕ್ಕದಲ್ಲೇ ಇದ್ದರು, ಅವರೂ ಕೇಳಿಸಿಕೊಂಡರು.

ಆಸ್ಪತ್ರೆಯ ಗೇಟು ದಾಟಿದ್ದು ನೆನಪಿದೆ. ಇವರು ಬೆಲ್ಟ್ ಹಾಕಿದೆಯಾ ಅಂತ ಕೇಳಿದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟರೆ ನಮ್ಮ ಮನೆ ಎದುರು. ಇಂಜಿನ್ ಆಫ್, ಕಿಟಕಿ ಅರ್ಧ ಇಳಿದಿದೆ, ಇವರು ಸ್ಟೀರಿಂಗಿಗೆ ಪುಸ್ತಕ ಆನಿಸಿಕೊಂಡು ಓದುತ್ತಿದ್ದಾರೆ.

"ಬಂದು ಎಷ್ಟೊತ್ತಾಯ್ತು?"

"ಒಂದು ಅಧ್ಯಾಯ ಆಯ್ತು."

"ಯಾವ ದಾರೀಲಿ ಬಂದ್ರಿ?"

"ಸೇತುವೆ ಮೇಲೆ."

ಸೇತುವೆ! ಎರಡೂ ಕಡೆಯಿಂದ ಲಾರಿಗಳು ನುಗ್ಗೋ ಜಾಗ. ಕಲಿತು ಆರು ತಿಂಗಳಾಗುವವರೆಗೆ ನನ್ನ ಸ್ಕೂಲಿನ ಯಾರನ್ನೂ ಆ ಕಡೆ ಬಿಟ್ಟಿಲ್ಲ ನಾನು. ಚೆನ್ನಾಗಿ ಬೈಯೋಣ ಅಂತ ಬಾಯಿ ತೆರೆದೆ. ಏನಂತ ಬೈಯಲಿ? ನೋಡಿಯೇ ಇಲ್ಲವಲ್ಲ ನಾನು.

ತಲೆ ಒಂದೇ ಕಡೆ ವಾಲಿಸಿ ಮಲಗಿದ್ದಕ್ಕೆ ಕುತ್ತಿಗೆ ಹಿಡಿದುಕೊಂಡಿದೆ. ಮುಂದಿನ ಸಲ ಒಂದು ದಿಂಬು ತೆಗೆದುಕೊಂಡು ಹೋಗಬೇಕು.